ಚಲುವರಾಜು ಕ್ಷಮೆ ಕೇಳಿದ್ದು

ಹಾಲಿಗೆ ನೀರು ಬೆರೆಸುವವರಲ್ಲಿ ಎರಡು ಬಗೆ. ಬೆರೆಸಿಲ್ಲ ಎಂದು ಮಕ್ಕಳ ಮೇಲೆ ಆಣೆ ಇಡುವವರು ಒಂದು ಬಗೆ. ಬೆರೆಸಿಲ್ಲ ಎಂದು ಹಸುವಿನ ಮೇಲೆ ಆಣೆ ಇಡುವವರು ಇನ್ನೊಂದು ಬಗೆ. ಬೆರೆಸಿದ್ದೇನೆ ಎಂದು ತಾನಾಗಿ ಬಂದು ಹೇಳುವ ಮೂರನೆಯ ಬಗೆಯೊಂದು ಇರಬಹುದು ಎಂಬ ಅನುಮಾನ, ನಮ್ಮೂರ ಹಾಲಿನ ಡೈರಿಯ ಸೆಕ್ರೆಟರಿಯಾದ ನನಗೆ ಎಂದೂ ಬಂದಿರಲಿಲ್ಲ. ಹಾಗಾಗಿ ಅವತ್ತು ಬೆಳಗ್ಗೆ ಚಲುವರಾಜು ಕ್ಯಾನು ಕೆಳಗಿಟ್ಟು, ತಲೆಗೆ ಸುತ್ತಿದ್ದ ಟವೆಲ್ಲು ಬಿಚ್ಚಿ, ಎರಡೂ ಕೈ ಮುಗಿದಾಗ ನಾನು ಸಾಲ ಕೇಳಲು ಬಂದನೆಂದೇ ತಿಳಿದೆ.

"ಸೆಕ್ರೆಟ್ರಿ, ಇಷ್ಟು ವರ್ಸ ನಿನ್ ಡೈರಿಗೆ ನೀರ್ ಹಾಕಿದ್ ಹಾಲು ತಂದಿವ್ನಿ. ತಪ್ಪಾಯ್ತು. ಕ್ಷಮಿಸ್ಬುಡು" ಎಂದ.

ಕೈಲಿದ್ದ ಲ್ಯಾಕ್ಟೋಮೀಟರು ಜಾರಿ ಬಕೆಟ್ಟಿಗೆ ಬಿತ್ತು. ಹಿಂದೆ ಸಾಲಿನಲ್ಲಿ ನಿಂತಿದ್ದವರೆಲ್ಲ ತಮ್ಮ ತಮ್ಮ ಕ್ಯಾನಿನ ಮುಚ್ಚಳ ಭದ್ರ ಮಾಡಿಕೊಂಡರು. ನಾನು ಹೇಗೋ ಸುಧಾರಿಸಿಕೊಂಡು ಅವನ ಹಾಲನ್ನು ಪರೀಕ್ಷೆ ಮಾಡಿದೆ. ಅಪ್ಪಟ ಹಾಲು. ಆ ಹಸು ಇಷ್ಟು ಗಟ್ಟಿ ಹಾಲು ಕೊಡುತ್ತದೆ ಎಂಬ ಸಂಗತಿ ಹಸುವಿಗೂ ಅವತ್ತೇ ಗೊತ್ತಾಗಿರಬೇಕು.

"ಯಾಕ್ಲಾ ಚಲುವ, ಏನಾಯ್ತು?" ಎಂದು ಕೇಳಿದೆ.

ಅವನು ನನ್ನನ್ನು ನೋಡಿ ಒಂದು ನಗೆ ನಕ್ಕ. ಹಲ್ಲು ಕಾಣದ, ದೇವರ ಪಟದಲ್ಲಿರುವಂಥ ನಗೆ. ನಗುತ್ತಲೇ ಖಾಲಿ ಕ್ಯಾನು ಎತ್ತಿಕೊಂಡು ಹೊರಟುಹೋದ. ಮುಂದೆ ನಡೆದ ಎಲ್ಲ ಅನಾಹುತಕ್ಕೂ ಆ ನಗೆಯೇ ಮೂಲ.

ಚಲುವರಾಜು ಎಂಥವನು ಎಂದು ಹೇಳದಿದ್ದರೆ ಇದು ಅರ್ಥವಾಗುವುದಿಲ್ಲ. ಕಂಪಲಾಪುರದಲ್ಲಿ ಬಸ್ಸಿಳಿದು ಒಳದಾರಿ ಹಿಡಿದರೆ ನಮ್ಮೂರು ಕಾಣುವುದಕ್ಕಿಂತ ಮುಂಚೆ ಅವನ ಗಂಟಲು ಕೇಳುತ್ತದೆ. ಕರೆಂಟು ಹೋದರೆ ಲೈನ್‌ಮನ್ ಜೊತೆ ಜಗಳ. ಬಂದರೆ, ಇಷ್ಟೊತ್ತು ಎಲ್ಲಿ ಹೋಗಿತ್ತು ಎಂದು ಜಗಳ. ಹೊಗೆಸೊಪ್ಪಿನ ಬೆಲೆ ಬಿದ್ದರೆ ಹರಾಜು ಕಟ್ಟೆಯಲ್ಲಿ ಕೂಗಾಟ. ಏರಿದರೆ, ನಿನ್ನೆಯೇ ಮಾರಿಬಿಟ್ಟೆನಲ್ಲ ಎಂದು ಹೆಂಡತಿ ಪ್ರಮೀಳಾಳ ಮೇಲೆ ಕೂಗಾಟ. ಅವನ ಗಂಟಲು ಕೇಳದ ಬೆಳಗ್ಗೆ ಊರಿಗೆ ಬೆಳಕು ಹರಿದಂತೆಯೇ ಅನಿಸುವುದಿಲ್ಲ. ಹಾಗೆಂದು ಮನುಷ್ಯ ಕೆಟ್ಟವನಲ್ಲ. ತಾನು ಏಳನೇ ಕ್ಲಾಸಿಗೆ ಓದು ಬಿಟ್ಟವನಾದರೂ ಮಗಳು ರಮ್ಯಾಳನ್ನು ಮೈಸೂರಿನ ಹಾಸ್ಟೆಲ್ಲಿನಲ್ಲಿಟ್ಟು ಎಂ.ಎಸ್ಸಿ. ಗಣಿತ ಓದಿಸುತ್ತಿದ್ದ. ಮಗಳ ವಿಷಯ ಬಂದರೆ ಮಾತ್ರ ಅವನ ದನಿ ತಾನಾಗಿ ಇಳಿಯುತ್ತಿತ್ತು.

ಆ ರಮ್ಯಾಳಿಗೆ ಕೆ.ಆರ್. ನಗರದ ಕಡೆಯ ಗಂಡು ಗೊತ್ತಾಗಿತ್ತು. ಹುಡುಗನ ತಂದೆ ಸಣ್ಣಬೀರಯ್ಯ ನಿವೃತ್ತ ಹೆಡ್‌ಮಾಸ್ಟರು. ಕೊನೆಯ ಪರೀಕ್ಷೆ ಮುಗಿದ ಮೇಲೇ ಮದುವೆ ಎಂದು ಚಲುವರಾಜು ಪಟ್ಟು ಹಿಡಿದು ಒಪ್ಪಿಸಿದ್ದ. ಒಪ್ಪಿಗೆಯ ದಿನ ಊಟ ಮುಗಿಸಿ ಎಲೆಅಡಿಕೆ ಹಾಕಿಕೊಳ್ಳುವಾಗ ಸಣ್ಣಬೀರಯ್ಯನವರು ಜೇಬಿನಿಂದ ಫೋನು ತೆಗೆದರು. ಈ ವಯಸ್ಸಿನಲ್ಲಿ ತಾವು ಇದರಲ್ಲೇ ಗುಲಾಬಿ ಕಸಿ ಕಟ್ಟುವುದನ್ನು ಕಲಿತದ್ದು, ಪ್ರಾಣಾಯಾಮ ಕಲಿತದ್ದು, ಈಗ ಹಿಂದಿ ಗಜಲ್ ಕಲಿಯುತ್ತಿರುವುದು ಎಲ್ಲವನ್ನೂ ಹೇಳಿದರು.

"ಕಲಿಯೋದು ನಿಲ್ಲಿಸಿದ ದಿವಸ ಮನುಷ್ಯ ಸತ್ತ ಹಾಗೆ ಬೀಗರೆ. ನೀವೇನು ಕಲೀತಾ ಇದ್ದೀರಿ?" ಎಂದು ಕೇಳಿದರು.

ಚಲುವರಾಜು ಆ ಕ್ಷಣದವರೆಗೆ ತನ್ನ ಸ್ಮಾರ್ಟ್‌ಫೋನನ್ನು ಮಗಳ ಜೊತೆ ಮಾತಾಡಲು ಮತ್ತು ಕೊಟ್ಟಿಗೆಗೆ ಟಾರ್ಚು ಬಿಡಲು ಬಳಸುತ್ತಿದ್ದ. ಆದರೆ ಬೀಗರ ಮುಂದೆ ತಲೆ ತಗ್ಗಿಸುವುದುಂಟೇ? "ನಾನೂ ಕಲೀತಾವ್ನಿ ಬೀಗ್ರೆ. ಮುಗ್ದ ಮ್ಯಾಲೆ ನೀವೇ ನೋಡಿರಂತೆ" ಎಂದುಬಿಟ್ಟ.

ಹೇಳಿದ ಮೇಲೆ ಕಲಿಯಲೇಬೇಕಲ್ಲ. ಮಗಳು ತೋರಿಸಿಕೊಟ್ಟಿದ್ದಂತೆ ಮೈಕಿನ ಗುರುತು ಒತ್ತಿ, ಲೈನ್‌ಮನ್ನನ್ನು ಕರೆಯುವ ದನಿಯಲ್ಲೇ "ನಾನು ಒಳ್ಳೆ ಮನ್ಸ ಆಗ್ಬೇಕು!" ಎಂದು ಫೋನಿಗೆ ಕೂಗಿದ. ಫೋನು ಹೆದರಿ ಒಬ್ಬ ಗುರುವನ್ನು ಕೊಟ್ಟಿತು. ಕೋಟು ತೊಟ್ಟ, ಬೆನ್ನ ಹಿಂದೆ ಪುಸ್ತಕಗಳ ಚಿತ್ರವಿದ್ದ ಆ ಮನುಷ್ಯ ದಿನಕ್ಕೊಂದು ಪಾಠದಂತೆ ವ್ಯಕ್ತಿತ್ವ ವಿಕಸನ ಹೇಳಿಕೊಡುತ್ತಿದ್ದ. ಇಂದಿನಿಂದ ಯಾರಿಗೂ ಬೈಯಬೇಡಿ. ಊಟವನ್ನು ಹೊಗಳಿ. ನಿಮ್ಮಿಂದ ನೊಂದವರ ಮನೆಬಾಗಿಲಿಗೆ ಹೋಗಿ ಕ್ಷಮೆ ಕೇಳಿ. ಯಾಕೆ ಎಂದು ಕೇಳಿದರೆ ವಿವರಿಸಬೇಡಿ, ಮುಗುಳುನಗೆ ನಗಿ. ವಿವರಿಸಿದರೆ ಫಲ ಅರ್ಧ ಹೋಗುತ್ತದೆ.

ಫಲ ಅರ್ಧ ಹೋಗುವುದನ್ನು ಯಾವ ರೈತ ತಾನೇ ಒಪ್ಪುತ್ತಾನೆ? ಚಲುವರಾಜು ಬಾಯಿ ಬಿಗಿದುಕೊಂಡ. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಓದುವವರಿಗೆ ಈಗಲೇ ಹೇಳಿಬಿಟ್ಟಿದ್ದೇನೆ. ಊರಿನಲ್ಲಿ ಮಾತ್ರ ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ.

ಇನ್ನೊಂದು ತೊಂದರೆಯೂ ಇತ್ತು. ನಮ್ಮೂರಲ್ಲಿ ಸಿಗ್ನಲ್ ಸಿಗುವುದಿಲ್ಲ. ಫೋನಿನಲ್ಲಿ ಮಾತಾಡಬೇಕಾದರೆ ಜಗಲಿಯ ಕಂಬ ಅಪ್ಪಿಕೊಂಡು ಮಾತಾಡಬೇಕು. ವಿಡಿಯೋ ಓಡುವಷ್ಟು ಸಿಗ್ನಲ್ ಬೇಕೆಂದರೆ ಇರುವುದು ಒಂದೇ ಜಾಗ, ಊರಾಚೆಯ ಮಸಣದ ದಿಬ್ಬ. ಎತ್ತರದ ಜಾಗ, ಮರ ಕಡಿಮೆ, ಟವರು ನೇರ ಎದುರಿಗೆ. ನಮ್ಮ ಹಿರಿಯರಿಗೆ ಮಣ್ಣಾದ ಮೇಲೆ ಸಿಕ್ಕಿದ ಸೌಕರ್ಯ ನಮಗೆ ಬದುಕಿದ್ದಾಗ ಸಿಕ್ಕಿಲ್ಲ. ಚಲುವರಾಜು ಹಾಲು ಕರೆದಾದ ಮೇಲೆ ಸಂಜೆ ಸಂಜೆ ಆ ದಿಬ್ಬಕ್ಕೆ ಹೋಗಿ, ತನ್ನ ಅಪ್ಪನ ಸಮಾಧಿಯ ಪಕ್ಕ ಕೂತು, ಕಿವಿಗೆ ವೈರು ಸಿಕ್ಕಿಸಿಕೊಂಡು ಪಾಠ ಕೇಳತೊಡಗಿದ.

ಅಲ್ಲಿ ಅವನನ್ನು ಮೊದಲು ಕಂಡವಳು ಮಲ್ಲಾಜಮ್ಮ. ಆಕೆ ಚಲುವರಾಜುವಿಗೆ ವರಸೆಯಲ್ಲಿ ದೊಡ್ಡವ್ವ. ಆಡು ಮೇಯಿಸುವುದು ಆಕೆಯ ಕೆಲಸ, ಸುದ್ದಿ ಮೇಯಿಸುವುದು ಹವ್ಯಾಸ. ಬೆಳಗ್ಗೆ ಡೈರಿಯಲ್ಲಿ ಕ್ಷಮೆ ಕೇಳಿದ್ದನ್ನು ಕಣ್ಣಾರೆ ನೋಡಿದ್ದವಳು, ಸಂಜೆ ಮಸಣದಲ್ಲಿ ಅದೇ ಮನುಷ್ಯ ಒಬ್ಬನೇ ಕೂತು ತಲೆದೂಗುವುದನ್ನು ನೋಡಿ ಬೆಚ್ಚಿದಳು.

"ಇಲ್ಯಾಕ್ ಕುಂತಿದ್ದೀಯ ಮಗ?"

ಚಲುವರಾಜು ಕಿವಿಯ ವೈರು ಕಿತ್ತು, ಪಾಠದ ಪ್ರಕಾರ ಮುಗುಳುನಕ್ಕ. "ಇನ್ಮೇಲೆ ಇಲ್ಲೇ ಕಣ್ ದೊಡ್ಡವ್ವ. ಮನೇಲಿ ಆಗಲ್ಲ. ಇಲ್ಲಿ ಆರಾಮಾಗದೆ" ಎಂದ.

ಮಲ್ಲಾಜಮ್ಮ ಆಡುಗಳನ್ನು ಅಲ್ಲೇ ಬಿಟ್ಟು ಊರ ಕಡೆ ಓಡಿದಳು. ಆಡುಗಳು ತಾವಾಗಿ ಮನೆಗೆ ಬಂದವು.

ಆದರೂ ಊರು ಪೂರ್ತಿ ನಂಬಿರಲಿಲ್ಲ. ನಂಬುವಂತೆ ಮಾಡಿದ್ದು ಮರುದಿನದ ಸಂಗತಿ. ಚಲುವರಾಜುವಿನ ದೊಡ್ಡಪ್ಪನ ಮಗ ನಂಜಣ್ಣ. ಇಬ್ಬರ ಹೊಲದ ನಡುವೆ ಒಂದು ಬದ. ಅದರ ಮೇಲೆ ಒಂದು ಕಾಲದಲ್ಲಿ ಎತ್ತಿನ ಗಾಡಿ ಹೋಗುತ್ತಿತ್ತಂತೆ. ಈಗ ಕಾಗೆ ಕೂತರೂ ಒಂದು ಕಾಲು ಆಚೆ ಹೊಲದಲ್ಲಿಡಬೇಕು. ಬದ ಕೆತ್ತಿದವರು ಯಾರು ಎಂಬ ಜಗಳದಲ್ಲಿ ಎರಡು ಮನೆಯವರೂ ಮಾತು ಬಿಟ್ಟು, ನೀರು ಬಿಟ್ಟು ಬಹಳ ವರ್ಷವಾಗಿತ್ತು. ನಮ್ಮ ಕಡೆ ನೀರು ಬಿಡುವುದು ಎಂದರೆ ಆ ಮನೆಯಲ್ಲಿ ಒಂದು ಗುಟುಕು ನೀರೂ ಕುಡಿಯದಿರುವುದು. ಹಾಗೆ ಬಿಟ್ಟವರು ಮತ್ತೆ ಕುಡಿಯುವುದು ಒಂದೇ ಸಂದರ್ಭದಲ್ಲಿ. ಯಾರಾದರೂ ಹೊರಡುವ ಹೊತ್ತು ಬಂದರೆ ದಾಯಾದಿ ಬಂದು ಬಾಯಿಗೆ ನೀರು ಬಿಡುತ್ತಾನೆ, ಹಳೆಯದೆಲ್ಲ ಅಲ್ಲಿಗೆ ಮುಗಿಯುತ್ತದೆ.

ಇಂಥ ನಂಜಣ್ಣನ ಜಗಲಿಯ ಮುಂದೆ ಚಲುವರಾಜು ಹೋಗಿ ನಿಂತ. ನಂಜಣ್ಣ ಕೂತು ಕುಡುಗೋಲು ಮಸೆಯುತ್ತಿದ್ದ. ಅವನ ಹೆಂಡತಿ ಮಾಯಮ್ಮ ಅವರೆಕಾಯಿ ಬಿಡಿಸುತ್ತಿದ್ದಳು. ಕುಡುಗೋಲು ಕಂಡರೂ ಚಲುವರಾಜು ಅಂಜಲಿಲ್ಲ.

"ಅಣ್ಣ, ಬದ ಕೆತ್ತಿದ್ದು ನಾನೇ ಕಣೋ. ತಪ್ಪಾಯ್ತು. ಮನ್ಸಲ್ಲಿ ಮಡಿಕಬ್ಯಾಡ. ಅತ್ಗೆವ್ವ, ಒಂದ್ ಚೊಂಬು ನೀರ್ ಕೊಡಿ."

ನಮ್ಮ ಕಡೆ ಮನುಷ್ಯ ಕಳ್ಳತನ ಒಪ್ಪಿಕೊಂಡಾನು, ಎರಡನೇ ಸಂಸಾರ ಒಪ್ಪಿಕೊಂಡಾನು. ಬದ ಕೆತ್ತಿದ್ದನ್ನು ಒಪ್ಪಿಕೊಂಡವನು ಇಲ್ಲ. ಸರ್ವೆಯವರು ಚೈನು ಹಿಡಿದು ನಿಂತರೂ ಇಲ್ಲ, ನ್ಯಾಯಾಧೀಶರು ಕೇಳಿದರೂ ಇಲ್ಲ. ಒಪ್ಪಿಕೊಳ್ಳುತ್ತಿದ್ದಾನೆ ಎಂದರೆ ಅವನಿಗೆ ಇನ್ನು ಭೂಮಿ ಬೇಡವಾಗಿದೆ ಎಂದೇ ಅರ್ಥ. ಅದರ ಮೇಲೆ ನೀರು ಬೇರೆ ಕೇಳಿದ್ದಾನೆ. ಮಾಯಮ್ಮ ಕೊಟ್ಟ ಚೊಂಬಿನ ನೀರು ಅರ್ಧ ನೆಲಕ್ಕೇ ಚೆಲ್ಲಿತು. ಚಲುವರಾಜು ಉಳಿದದ್ದನ್ನು ಗಟಗಟ ಕುಡಿದು, ಮುಗುಳುನಕ್ಕು ಹೋದ. ನಂಜಣ್ಣ ಕುಡುಗೋಲು ಹಿಡಿದು ಕೂತವನು ಮಧ್ಯಾಹ್ನ ಊಟಕ್ಕೂ ಏಳಲಿಲ್ಲ.

ಸಂಜೆ ಡೈರಿಯಲ್ಲಿ ಹಾಲಿಗಿಂತ ಮಾತೇ ಜಾಸ್ತಿ ಬಂತು. "ರಕ್ತದ ಕಾಯ್ಲೆಯಂತೆ" ಎಂದರು ಒಬ್ಬರು. "ಅಲ್ಲ, ಲಿವರಂತೆ, ಮೈಸೂರ್ನಲ್ಲಿ ಕೈಬಿಟ್ರಂತೆ" ಎಂದರು ಇನ್ನೊಬ್ಬರು. ಹಾಲಿಗೆ ನೀರು ಬೆರೆಸಿದರೆ ಕಂಡುಹಿಡಿಯುವ ಉಪಕರಣ ನನ್ನ ಬಳಿ ಇದೆ. ಸುದ್ದಿಗೆ ಬೆರೆಸಿದರೆ ಕಂಡುಹಿಡಿಯುವುದನ್ನು ಇನ್ನೂ ಯಾರೂ ಕಳಿಸಿಕೊಟ್ಟಿಲ್ಲ. ಅಷ್ಟರಲ್ಲಿ ಪ್ರಮೀಳಾ ಹಾಲು ತಂದಳು. ಎಲ್ಲರೂ ದಾರಿ ಬಿಟ್ಟು ನಿಂತರು.

"ಚಲುವ ಎಂಗವ್ನೆ ತಾಯಿ?" ಎಂದು ನಾನೇ ಕೇಳಿದೆ.

ಅವಳು ಸೆರಗು ಬಾಯಿಗೆ ಅಡ್ಡ ಹಿಡಿದಳು. "ನೆನ್ನೆ ನನ್ ಬಸ್ಸಾರು ಚೆನ್ನಾಗದೆ ಅಂದ್ರು ಸೆಕ್ರೆಟ್ರಿ. ಮದ್ವೆ ಆದಾಗಿಂದ ಉಪ್ಪು ಕಮ್ಮಿ, ಉಪ್ಪು ಜಾಸ್ತಿ, ಇವೆಲ್ಡೇ ಕೇಳಿದ್ದೆ. ನೆನ್ನೆ ಚೆನ್ನಾಗದೆ ಅಂದ್ಬುಟ್ರು."

"ಅವನ್ನೇ ಕೇಳ್ಬಾರ್ದಾ, ಏನಾಗದೆ ಅಂತ?"

"ಬ್ಯಾಡ ಬ್ಯಾಡ!" ಎಂದಳು ಪಕ್ಕದಿಂದ ಮಲ್ಲಾಜಮ್ಮ. "ಹೋಗೋ ಜೀವದ ಮುಂದೆ ಕಾಯ್ಲೆ ಹೆಸ್ರು ಎತ್ಬಾರ್ದು. ಎದೆ ಒಡ್ಕತದೆ. ಏನ್ ಬೇಕೋ ತಿನ್ಸಿ, ನಗ್ನಗ್ತಾ ಮಾತಾಡ್ಸಿ."

ಅಲ್ಲಿಗೆ ಊರಿಗೇ ಆಜ್ಞೆಯಾಯಿತು. ಯಾರೂ ಅವನನ್ನು ಏನೂ ಕೇಳಲಿಲ್ಲ, ಅವನು ಯಾರಿಗೂ ಏನೂ ಹೇಳಲಿಲ್ಲ.

ಮಾರನೆಯ ದಿನದಿಂದ ನೆಂಟರು ಇಳಿದರು. ಎಚ್.ಡಿ. ಕೋಟೆಯಿಂದ ತಂಗಿ ನಾಟಿಕೋಳಿ ಸಾರನ್ನು ಕ್ಯಾರಿಯರಿನಲ್ಲಿ ತಂದಳು. ಹನಗೋಡಿನ ಸೋದರಮಾವ ಎಳನೀರಿನ ಗೊನೆ ಹೊತ್ತು ಬಂದ. ಹುಣಸೂರಿನಿಂದ ಪ್ರಮೀಳಾಳ ಅಕ್ಕ ಸುನಂದಮ್ಮ ಶಾವಿಗೆ ಒತ್ತುವ ಒರಳನ್ನೇ ಬಸ್ಸಿನಲ್ಲಿ ಹಾಕಿಕೊಂಡು ಬಂದಳು. ಬ್ರೆಡ್ಡಿನ ಪೊಟ್ಟಣಗಳು ಗೂಡಿನಲ್ಲಿ ಹಿಡಿಯದೆ ಕೊಟ್ಟಿಗೆಗೆ ಹೋದವು. ಬಂದವರೆಲ್ಲ ಚಲುವರಾಜುವಿನ ಕೈ ಹಿಡಿದು ಸುಮ್ಮನೆ ಕೂರುತ್ತಿದ್ದರು, ಹಿತ್ತಲಿಗೆ ಹೋಗಿ ಅತ್ತು ಬರುತ್ತಿದ್ದರು.

ಚಲುವರಾಜುವಿಗೆ ಸಂತೋಷವೋ ಸಂತೋಷ. ಇಷ್ಟು ಬೇಗ ಫಲ ಕೊಡುವ ಪಾಠ ಅವನು ಕಂಡಿರಲಿಲ್ಲ. ಬೈಯುವುದು ಬಿಟ್ಟು ವಾರ ಕಳೆದಿಲ್ಲ, ಕೋಳಿ ಬರುತ್ತಿದೆ, ಶಾವಿಗೆ ಬರುತ್ತಿದೆ, ನೆಂಟರ ಕಣ್ಣಲ್ಲಿ ಪ್ರೀತಿ ತುಂಬಿ ಹರಿಯುತ್ತಿದೆ. ಕೊಟ್ಟದ್ದನ್ನೆಲ್ಲ ಹೊಗಳಿ ಹೊಗಳಿ ತಿಂದ. ತಿನ್ನುತ್ತ ತಿನ್ನುತ್ತ ಮುಖ ದುಂಡಗಾಯಿತು.

"ಮುಖ ಊದ್ಕತಾ ಅದೆ ನೋಡ್ರವ್ವ. ಹೋಗೋರು ಇಂಗೇ ತಿಂತಾರೆ" ಎಂದು ಮಲ್ಲಾಜಮ್ಮ ಮೆಲ್ಲಗೆ ಹೇಳಿದಳು.

ಕೊನೆಗೆ ಸೋದರಮಾವ, ಒಂದು ಸಲ ದೊಡ್ಡ ಡಾಕ್ಟರಿಗೆ ತೋರಿಸಿಬಿಡೋಣ, ಆಮೇಲೆ ಮನಸ್ಸಿಗೆ ಕೊರಗು ಇರಬಾರದು ಎಂದ. ಒಂದು ವ್ಯಾನು ಗೊತ್ತು ಮಾಡಿದರು. ಪಿರಿಯಾಪಟ್ಟಣಕ್ಕೆ ಹೋಗಿಬರೋಣ ಬಾ ಎಂದು ಕರೆದರೆ ಚಲುವರಾಜು ಎಲ್ಲಿಗೆ, ಯಾಕೆ ಎಂದು ಕೇಳಲಿಲ್ಲ. ಪ್ರೀತಿಯಿಂದ ಕರೆದವರಿಗೆ ಇಲ್ಲ ಎನ್ನಬೇಡಿ ಎಂದು ಹಿಂದಿನ ದಿನದ ಪಾಠದಲ್ಲಿ ಬಂದಿತ್ತು. ಓದುಬರಹ ಬಲ್ಲವರೊಬ್ಬರು ಇರಲಿ ಎಂದು ನನ್ನನ್ನೂ ಹತ್ತಿಸಿಕೊಂಡರು.

ಡಾಕ್ಟರು ನಾಡಿ ನೋಡಿದರು, ಹೊಟ್ಟೆ ಒತ್ತಿದರು, ರಕ್ತ ತೆಗೆಸಿದರು. ರಿಪೋರ್ಟು ಬಂದ ಮೇಲೆ ವ್ಯಾನಿನ ತುಂಬ ಬಂದಿದ್ದ ನಮ್ಮನ್ನೂ, ನಮ್ಮ ಅತ್ತ ಮುಖಗಳನ್ನೂ ನೋಡಿ ಅವರಿಗೆ ರೇಗಿತು. ಒಂದು ಕಾಯಿಲೆಯೂ ಇಲ್ಲದವನನ್ನು ತಂದು ಇಷ್ಟು ಜನ ಕಾಲಹರಣ ಮಾಡಿದರೆ ಯಾರಿಗೆ ರೇಗುವುದಿಲ್ಲ?

"ಇವರಿಗೆ ನಾನು ಮಾಡುವಂಥದ್ದು ಏನೂ ಇಲ್ಲ. ಔಷಧಿಯೂ ಬೇಡ. ಮನೆಗೆ ಕರ್ಕೊಂಡು ಹೋಗಿ" ಎಂದರು.

ಸುನಂದಮ್ಮ ಅಲ್ಲೇ ನೆಲಕ್ಕೆ ಕುಸಿದಳು. ನರ್ಸು ನೀರು ತಂದಳು. ಡಾಕ್ಟರು ಈಗ ಸುನಂದಮ್ಮನ ನಾಡಿ ಹಿಡಿದು ನೋಡತೊಡಗಿದರು. ನಾನು "ಸಾರ್, ಅಂದ್ರೆ..." ಎಂದು ಬಾಯಿ ತೆಗೆಯುವಷ್ಟರಲ್ಲಿ ಮುಂದಿನ ರೋಗಿಯ ಹೆಸರು ಕೂಗಿದರು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಚಲುವರಾಜು ಕೈಕಾಲು ಮುರಿದುಕೊಂಡವರನ್ನೆಲ್ಲ ನೋಡಿ ಮುಗುಳುನಗುತ್ತಿದ್ದ. ಪಾಪ, ಅವನನ್ನು ನೋಡಿ ನನಗೇ ಕಣ್ಣು ತುಂಬಿ ಬಂತು.

ಸುದ್ದಿ ಕೆ.ಆರ್. ನಗರ ಮುಟ್ಟಲು ತಡವಾಗಲಿಲ್ಲ. ಶುಕ್ರವಾರ ಬೆಳಗ್ಗೆ ಸಣ್ಣಬೀರಯ್ಯನವರು ಕಾರು ಮಾಡಿಕೊಂಡು ಬಂದಿಳಿದರು. ಅದೇ ಹೊತ್ತಿಗೆ ಮೈಸೂರಿನಿಂದ ರಮ್ಯಾಳೂ ಬಂದಳು. ಬೆನ್ನಿಗೆ ಪುಸ್ತಕದ ಬ್ಯಾಗು, ಅತ್ತು ಊದಿದ ಕಣ್ಣು. ಸೋಮವಾರ ಅವಳ ಕೊನೆಯ ಸೆಮಿಸ್ಟರಿನ ಮೊದಲ ಪರೀಕ್ಷೆ ಇತ್ತು.

ಮನೆಯೊಳಗೆ ಪಿಸುಮಾತಿನ ಪಂಚಾಯಿತಿ ಸೇರಿತು. ಚಲುವರಾಜು ಹೊರಗೆ ಜಗಲಿಯ ಮೇಲೆ ಕಜ್ಜಾಯ ತಿನ್ನುತ್ತಿದ್ದ. ಪಿಸುಮಾತು ಎಂದೆ; ಹೆಡ್‌ಮಾಸ್ಟರರ ಪಿಸುಮಾತು ಕೊನೆಯ ಬೆಂಚಿಗೂ ಕೇಳಿಸುವಂಥದ್ದು.

"ಆಗಬಾರದ್ದು ಆದರೆ ಒಂದು ವರ್ಷ ಈ ಮನೆಯಲ್ಲಿ ಶುಭಕಾರ್ಯ ಇಲ್ಲ. ಅವರ ಕಣ್ಣೆದುರಿಗೇ ಧಾರೆ ಆಗಿಬಿಡಲಿ. ನಾನು ದಿನ ಕೇಳಿಕೊಂಡೇ ಬಂದಿದ್ದೇನೆ. ಬರೋ ಸೋಮವಾರ."

"ಸೋಮ್ವಾರ ಮಗೀಗೆ ಪರೀಕ್ಷೆ" ಎಂದಳು ಪ್ರಮೀಳಾ.

ಆಮೇಲೆ ರಮ್ಯಾಳ ದನಿ ಕೇಳಿತು. "ಆಗ್ಲಿ ಅವ್ವ. ಪರೀಕ್ಷೆ ಮುಂದಿನ್ ವರ್ಷ ಬರೀಬೋದು. ಅಪ್ಪ ಮುಂದಿನ್ ವರ್ಷ ಇರಲ್ವಲ್ಲ."

ಜಗಲಿಯ ಮೇಲೆ ಕಜ್ಜಾಯ ಚಲುವರಾಜುವಿನ ಗಂಟಲಲ್ಲಿ ಸಿಕ್ಕಿಕೊಂಡಿತು. ಕೆಮ್ಮಿದ. ಕೆಮ್ಮು ಕೇಳಿದ್ದೇ ತಡ, ಒಳಗಿದ್ದವರೆಲ್ಲ ಗಾಬರಿಯಾಗಿ ಹೊರಗೆ ಓಡಿಬಂದರು. ಬೀದಿಯಲ್ಲಿದ್ದವರು ಅಂಗಳಕ್ಕೆ ಬಂದರು. ಮಲ್ಲಾಜಮ್ಮ ಆಗಲೇ ತುಳಸಿ ಎಲೆ ಕಿತ್ತುಕೊಂಡಿದ್ದಳು.

"ನಾನ್ ಎಲ್ಲಿಗ್ ಹೊಂಟಿವ್ನಿ?" ಎಂದು ಕೇಳಿದ ಚಲುವರಾಜು, ಉಸಿರು ಬಂದ ಮೇಲೆ. "ಮುಂದಿನ್ ವರ್ಸ ನಾನ್ ಯಾಕ್ ಇರಲ್ಲ?"

ರಮ್ಯಾ ಬಂದು ಅವನ ಕಾಲ ಬಳಿ ಕೂತು ಮೊಣಕಾಲಿಗೆ ಹಣೆ ಹಚ್ಚಿದಳು. ಆಗ ಅವನಿಗೆ ನಾಟಿಕೋಳಿಯ ಅರ್ಥ ಆಯಿತು, ಶಾವಿಗೆಯ ಅರ್ಥ ಆಯಿತು, ಪಿರಿಯಾಪಟ್ಟಣದ ವ್ಯಾನಿನ ಅರ್ಥವೂ ಆಯಿತು.

"ಅಯ್ಯೋ, ನಂಗೇನೂ ಆಗಿಲ್ಲ ಕಣ್ರಪ್ಪ! ಗುಂಡ್ಕಲ್ ಇದ್ದಂಗವ್ನಿ!"

"ಹೂಂ ಮಗ, ಏನೂ ಆಗಿಲ್ಲ" ಎಂದು ಎಲ್ಲರೂ ಒಟ್ಟಾಗಿ, ಮಗುವನ್ನು ರಮಿಸುವ ದನಿಯಲ್ಲಿ ಹೇಳಿದರು.

"ಫೋನ್ನಲ್ಲಿ ಪಾಠ ಕಲೀತಿದ್ದೆ. ಕ್ಷಮೆ ಕೇಳು ಅಂತ ಹೇಳ್ಕೊಟ್ರು, ಕೇಳ್ದೆ. ಅಷ್ಟೇಯ! ಬೇಕಾದ್ರೆ ನೋಡಿ, ತೋರಿಸ್ತೀನಿ!" ಫೋನು ತೆಗೆದು ಒತ್ತಿದ. ಪರದೆಯ ಮೇಲೆ ಒಂದು ಚಕ್ರ ತಿರುಗಿತು. ತಿರುಗುತ್ತಲೇ ಇತ್ತು. ಕಂಬ ಅಪ್ಪಿಕೊಂಡ, ತಿರುಗುತ್ತಲೇ ಇತ್ತು. "ಇಲ್ಲಿ ಬರಲ್ಲ. ಎಲ್ರೂ ನಡೀರಿ ಮಸಣಕ್ಕೆ!" ಎಂದ.

ಹೆಂಗಸರು ಗೊಳೋ ಎಂದರು. ಸಣ್ಣಬೀರಯ್ಯನವರು ಕಣ್ಣೊರೆಸಿಕೊಂಡು, "ಸೋಮವಾರದವರೆಗೆ ತಡೀತಾರೋ ಇಲ್ಲವೋ. ನಾಳೆಯೇ ಇಟ್ಟುಕೊಳ್ಳೋಣವೇ?" ಎಂದು ಸೋದರಮಾವನ ಕಿವಿಯಲ್ಲಿ ಇಡೀ ಅಂಗಳಕ್ಕೆ ಕೇಳುವಂತೆ ಹೇಳಿದರು.

ಚಲುವರಾಜು ಕಲಿತ ಪಾಠವೆಲ್ಲ ಅವನ ಕೊರಳಿಗೇ ಉರುಳಾಗಿತ್ತು. ಬೈಯುವಂತಿಲ್ಲ. ನಕ್ಕರೆ ಸಾಯುವ ನಗೆ, ಅತ್ತರೆ ಸಾಯುವ ಅಳು. ಕಲಿಯುವುದು ನಿಲ್ಲಿಸಿದವನು ಸತ್ತ ಹಾಗೆ ಎಂದಿದ್ದ ಬೀಗರೇ, ಕಲಿಯಲು ಹೊರಟವನ ತಿಥಿಗೆ ಮುಂಚೆ ಮುಹೂರ್ತ ಹುಡುಕುತ್ತಿದ್ದರು. ಅವನು ಮಗಳ ತಲೆಯ ಮೇಲೆ ಕೈಯಿಟ್ಟು, ಪಕ್ಕದಲ್ಲಿ ಬಿದ್ದಿದ್ದ ಪುಸ್ತಕದ ಬ್ಯಾಗನ್ನು ನೋಡುತ್ತ ಕೂತ. ಅಂಥ ಹೊತ್ತಿನಲ್ಲಿ ಜನರನ್ನು ಸರಿಸಿಕೊಂಡು ನಂಜಣ್ಣ ಅಂಗಳಕ್ಕೆ ಬಂದ. ಕೈಯಲ್ಲಿ ನೀರಿನ ಚೊಂಬು ಇತ್ತು.

"ಚಲುವ, ನೀನು ದೊಡ್ಡ ಮನ್ಸ ಕಣ್ಲಾ. ಬದ ಕೆತ್ತಿದ್ದ ನೀನಾಗ್ ಬಂದು ಒಪ್ಕಂಡೆ. ನಾನು ಒಪ್ಕಣ್ದೇ ನಿನ್ನ ಕಳ್ಸಿದ್ರೆ ನಂಗೆ ಒಳ್ಳೇದಾಯ್ತದಾ? ಕೇಳು. ನಾನೂ ನನ್ ಕಡೆಯಿಂದ ಬದ ಕೆತ್ತಿವ್ನಿ."

ಚಲುವರಾಜು ಪಾಠ ನೆನೆದು ಮುಗುಳುನಕ್ಕ.

"ಹೋದ್ ವರ್ಸ ನಿನ್ ಶುಂಠಿ ಹೊಲಕ್ಕೆ ದನ ನುಗ್ತಲ್ಲ, ಅದು ತಾನಾಗ್ ನುಗ್ಗಿದ್ದಲ್ಲ. ನಾನೇ ಹಗ್ಗ ಬಿಚ್ಚಿದ್ದು."

ನಗೆ ಉಳಿದಿತ್ತು, ಆದರೆ ಈಗ ಹಲ್ಲು ಕಾಣುತ್ತಿತ್ತು.

"ಇನ್ನೊಂದದೆ ಕಣಪ್ಪ" ಎಂದ ನಂಜಣ್ಣ, ಗದ್ಗದಿತನಾಗಿ. "ಸರ್ವೆಯೋರು ಕಲ್ಲು ನೆಟ್ಟೋದ್ರಲ್ಲ. ಅವತ್ತೇ ಸಂಜೆ ಆ ಕಲ್ಲ ಕಿತ್ತು ನಿನ್ ಹೊಲದ್ ಒಳೀಕೆ ನೆಟ್ಟೋನು ನಾನೇ. ಈಗ ನೀನು ಹೊಂಟೆ. ಮನ್ಸಲ್ಲಿ ಮಡಿಕಬ್ಯಾಡ."

ಚಲುವರಾಜುವಿನ ಮುಖದಲ್ಲಿ ಮೊದಲು ಮೂಗು ನಡುಗಿತು. ಆಮೇಲೆ ಮೀಸೆ ಎದ್ದಿತು. ಆಮೇಲೆ ಕುತ್ತಿಗೆಯ ನರ ಒಂದೊಂದಾಗಿ ಉಬ್ಬಿ ಬಂದವು.

"ಲೇಯ್! ಕಲ್ ಕಿತ್ತೋನು ನೀನಾ!"

ಹುಣಸೇಮರದ ಕಾಗೆಗಳೆಲ್ಲ ಹಾರಿದವು.

"ಕಳ್ ನನ್ಮಗನೆ! ಸರ್ಕಾರಿ ಕಲ್ಲ ಕಿತ್ತು ನನ್ ಹೊಲದಲ್ಲಿ ನೆಟ್ಟೆಯಾ? ನಾನು ವರ್ಸೊಪ್ಪತ್ತೂ ಸರ್ವೆಯೋನಿಗೆ ಬೈಕಂಡ್ ತಿರುಗ್ದೆ, ನೀನು ಜಗ್ಲಿ ಮ್ಯಾಲೆ ಕುಂತು ನಗ್ತಾ ಇದ್ದೆಯಾ? ನಿಲ್ಲು! ಓಡ್ಬ್ಯಾಡ ನಿಲ್ಲು!"

ಟವೆಲ್ಲು ಸೊಂಟಕ್ಕೆ ಬಿಗಿದು ಜಗಲಿಯಿಂದ ಹಾರಿದ. ನಂಜಣ್ಣ ಚೊಂಬು ಎಸೆದು ಹುಲ್ಲಿನ ಮೆದೆಯ ಸುತ್ತ ಓಡಿದ. ಅವನ ಹಿಂದೆ ಚಲುವರಾಜು. ಒಂದು ಸುತ್ತಾಯಿತು, ಎರಡಾಯಿತು. ಬೈಗುಳ ಮಾತ್ರ ಒಂದು ಕಡೆಯೂ ತುಂಡಾಗಲಿಲ್ಲ. ವಾರದಿಂದ ಕಟ್ಟಿಟ್ಟಿದ್ದು ತೂಬು ಕಿತ್ತ ಕೆರೆಯಂತೆ ಬಂತು.

ಮೊದಲು ಅರ್ಥ ಮಾಡಿಕೊಂಡವಳು ಪ್ರಮೀಳಾ. "ಬೈತಾವ್ರೆ! ನಮ್ಮನೆಯೋರು ಬೈತಾವ್ರೆ!" ಎಂದು ಕೂಗಿ ಪಕ್ಕದಲ್ಲಿದ್ದ ಸುನಂದಮ್ಮನನ್ನು ತಬ್ಬಿಕೊಂಡಳು. ಮಲ್ಲಾಜಮ್ಮ ಕೈಲಿದ್ದ ತುಳಸಿಯನ್ನು ತನ್ನ ಬಾಯಿಗೇ ಹಾಕಿಕೊಂಡು, "ಈ ಗಂಟ್ಲು ಇನ್ನೂ ಮೊಮ್ಮಕ್ಕಳಿಗೂ ಬೈತದೆ ಬುಡ್ರವ್ವ" ಎಂದು ತೀರ್ಪು ಕೊಟ್ಟಳು. ಇಡೀ ಅಂಗಳ ಒಮ್ಮೆಗೇ ಉಸಿರು ಬಿಟ್ಟಿತು. ಹೇಳಲು ನಾಚಿಕೆಯಿಲ್ಲ, ನಾನೂ ಬಿಟ್ಟೆ. ಆ ಕೆಟ್ಟ ಬೈಗುಳದಷ್ಟು ಹಿತವಾದದ್ದನ್ನು ಆ ವಾರದಲ್ಲಿ ನನ್ನ ಕಿವಿ ಕೇಳಿರಲಿಲ್ಲ.

ಸಣ್ಣಬೀರಯ್ಯನವರು ಚಪ್ಪಲಿ ಕೈಯಲ್ಲಿ ಹಿಡಿದು ಜಗಲಿಯ ಮೇಲೆ ಹತ್ತಿ ನಿಂತಿದ್ದರು. "ಬೀಗರೆ, ಹಾಗಾದರೆ ಸೋಮವಾರ..." ಎಂದರು.

"ಸೋಮ್ವಾರ ನನ್ ಮಗ್ಳಿಗೆ ಪರೀಕ್ಷೆ!" ಮೆದೆಯ ಆಚೆಯಿಂದ ಗುಡುಗು ಬಂತು. "ಪರೀಕ್ಷೆ ಪೂರಾ ಮುಗೀಬೇಕು, ಆಮ್ಯಾಕೆ ಮದ್ವೆ! ಕಾಯೋದಾದ್ರೆ ಕಾಯ್ರಿ!"

"ಕಾಯ್ತೀವಿ, ಕಾಯ್ತೀವಿ" ಎಂದರು ಹೆಡ್‌ಮಾಸ್ಟರು. ಸೇವೆಯಲ್ಲಿದ್ದಾಗ ಅಷ್ಟು ಬೇಗ ಅವರು ಯಾರ ಮಾತನ್ನೂ ಒಪ್ಪಿರಲಿಕ್ಕಿಲ್ಲ. ರಮ್ಯಾ ಅಳುವನ್ನೂ ನಗುವನ್ನೂ ಬೇರೆ ಮಾಡಲಾರದೆ ಬ್ಯಾಗನ್ನು ಎದೆಗವುಚಿಕೊಂಡು ನಿಂತಿದ್ದಳು.

ಕೊನೆಗೆ ಓಡುವವನಿಗೂ ಅಟ್ಟುವವನಿಗೂ ಉಸಿರು ಕಟ್ಟಿ, ಇಬ್ಬರೂ ಮೆದೆಗೆ ಒರಗಿ ಅಕ್ಕಪಕ್ಕ ಕೂತರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನಂಜಣ್ಣ ಏದುಸಿರು ಬಿಡುತ್ತ, "ಸಾಯ್ತೀಯ ಅಂತ ಹೇಳಿದ್ನಪ್ಪ, ಇಲ್ದಿದ್ರೆ ಹೇಳ್ತಿದ್ನಾ?" ಎಂದ. ಆಮೇಲೆ, "ತಾಯಿ ಪ್ರಮೀಳಾ, ಒಂಚೂರು ನೀರ್ ಕೊಡವ್ವ" ಎಂದ. ಪ್ರಮೀಳಾ ಕೊಟ್ಟಳು. ಅಷ್ಟು ವರ್ಷಗಳ ಮೇಲೆ ಆ ಮನೆಯ ನೀರು ಕುಡಿದು, ಉಳಿದ ಅರ್ಧವನ್ನು ಅವನು ಚಲುವರಾಜುವಿನ ಕಡೆ ಸರಿಸಿದ. ಚಲುವರಾಜು ಬೈಯುತ್ತಲೇ ಕುಡಿದ.

"ಕಲ್ಲು ನಾಳೆನೇ ಕಿತ್ತು ಇದ್ದ ಜಾಗ್ದಲ್ಲಿ ಇಕ್ಬೇಕು" ಎಂದ.

"ಇಕ್ತೀನಿ ಬುಡು" ಎಂದ ನಂಜಣ್ಣ. "ಮೊದ್ಲು ಮಗೀನ ಬಸ್ಸಿಗೆ ಬುಟ್ ಬತ್ತೀನಿ. ಓದ್ಕಬೇಕಲ್ಲ ಅವ್ಳು."

ಸಂಜೆ ನಂಜಣ್ಣನ ಬೈಕಿನಲ್ಲಿ ರಮ್ಯಾ ಕಂಪಲಾಪುರಕ್ಕೆ ಹೋಗಿ ಮೈಸೂರು ಬಸ್ಸು ಹತ್ತಿದಳು. ಕೈಲಿ ಮಿಕ್ಕ ಕಜ್ಜಾಯವಿತ್ತು. ಬ್ರೆಡ್ಡನ್ನು ದನಗಳು ತಿಂದವು.

ಈಗ ಸಂಜೆ ಹೊತ್ತು ಮಸಣದ ದಿಬ್ಬದಲ್ಲಿ ಇಬ್ಬರು ಕೂರುತ್ತಾರೆ. ಒಂದು ವೈರು ಚಲುವರಾಜುವಿನ ಕಿವಿಯಲ್ಲಿ, ಇನ್ನೊಂದು ನಂಜಣ್ಣನ ಕಿವಿಯಲ್ಲಿ. ಕೋಪ ನಿಗ್ರಹದ ಪಾಠ ನಡೆಯುತ್ತಿದೆಯಂತೆ. ಫೋನು ಯಾರು ಹಿಡಿಯಬೇಕು ಎಂದು ಅವರು ಜಗಳವಾಡುವುದು ಊರಿಗೆಲ್ಲ ಕೇಳುತ್ತದೆ. ಮಲ್ಲಾಜಮ್ಮ ಹೆದರುವುದಿಲ್ಲ, ಆಡುಗಳನ್ನು ಅಲ್ಲೇ ಹತ್ತಿರ ಮೇಯಿಸುತ್ತಾಳೆ.

ಆ ಸೋಮವಾರದ ಮಾತು ಹೇಳಿ ಮುಗಿಸುತ್ತೇನೆ. ಸಂಜೆ ಡೈರಿಯ ಸಾಲು ನಿಂತಿತ್ತು. ಬೀದಿಯ ಆ ತುದಿಯಿಂದಲೇ ಚಲುವರಾಜುವಿನ ಗಂಟಲು ಬಂತು: "ಸೆಕ್ರೆಟ್ರಿ! ಮಗ್ಳು ಬರ್ದವ್ಳೆ ಕಣ್ಲಾ! ಎಲ್ಲಾನೂವೆ ಬರ್ದವ್ಳಂತೆ, ಒಂದೂ ಬುಟ್ಟಿಲ್ವಂತೆ!" ಗಂಟಲಿನ ಹಿಂದೆ ಮನುಷ್ಯ ಬಂದ, ಕ್ಯಾನು ಕೆಳಗಿಟ್ಟ, ಬೇಗ ಅಳೆಯಲಿಲ್ಲ ಎಂದು ನನಗೆ ಬೈದ. ನಾನು ಹಾಲಿಗೆ ಲ್ಯಾಕ್ಟೋಮೀಟರು ಇಳಿಸಿದೆ.

ನೀರಿತ್ತು.

ನನಗಾದ ಸಮಾಧಾನವನ್ನು ಹೇಗೆ ಹೇಳಲಿ? ಮತ್ತೊಮ್ಮೆ ಇಳಿಸಿ ನೋಡಿದೆ. ನೀರೇ, ಅನುಮಾನವಿಲ್ಲ, ಆದರೆ ಮೊದಲು ಹಾಕುತ್ತಿದ್ದುದರ ಅರ್ಧ ಮಾತ್ರ. ಫೋನಿನ ಗುರುವಿನ ಶ್ರಮ ಪೂರ್ತಿ ವ್ಯರ್ಥವಾಗಿರಲಿಲ್ಲ. ನಾನು ಅವನನ್ನು ನೋಡಿ ಮುಗುಳುನಕ್ಕೆ. ಚಲುವರಾಜು ಒಂದು ಹೆಜ್ಜೆ ಹಿಂದೆ ಸರಿದು, ಗಾಬರಿಯಿಂದ ನನ್ನ ಮುಖವನ್ನೇ ನೋಡಿದ.

"ಸೆಕ್ರೆಟ್ರಿ," ಎಂದ ಮೆಲ್ಲಗೆ, "ಆರೋಗ್ಯವಾಗಿದ್ದೀಯಾ ತಾನೇ?"